ನಗೆ ನಿಂತ ಮೇಲೆ ಕೇಳಿಸುವುದು

ಒಮ್ಮೆ ಹೆಂಗಸೊಬ್ಬಳು ಗಾಯಕನ ಹತ್ತಿರ ಬಂದು, ನಿಮ್ಮ ಎಂಚಿಲಾಡಾ ಹಾಡು ಹಾಡಿ ಎಂದು ಕೇಳಿಕೊಂಡಳಂತೆ. ಎಂಚಿಲಾಡಾ ಎಂದರೆ ಮೆಕ್ಸಿಕೊ ಕಡೆಯ ತಿಂಡಿ. ಮೆಕ್ಕೆಜೋಳದ ತೆಳು ರೊಟ್ಟಿಯಲ್ಲಿ ಹೂರಣ ಸುತ್ತಿ, ಮೇಲೆ ಮೆಣಸಿನಕಾಯಿಯ ಗೊಜ್ಜು ಸುರಿದು ಕೊಡುತ್ತಾರೆ. ಗಾಯಕನಿಗೆ ತಲೆಬುಡ ತಿಳಿಯಲಿಲ್ಲ. ಅಂಥ ಹಾಡನ್ನು ಅವನು ಕಟ್ಟಿಯೇ ಇರಲಿಲ್ಲ. ಕೊನೆಗೆ ಆಕೆ ತನಗೆ ಕೇಳಿಸಿದ ಹಾಗೆ ಸಾಲನ್ನು ಒಪ್ಪಿಸಿದಾಗ ಗುಟ್ಟು ಬಯಲಾಯಿತು. ಅರ್ಧ ಅಂಗುಲ ನೀರಿದ್ದರೂ ಮುಳುಗಿಯೇ ಹೋದೆ ಎಂದು ಹೆದರುವ ಮನುಷ್ಯನ ಮಾತು ಅವನ ಒಂದು ಹಾಡಿನ ಪಲ್ಲವಿಯಲ್ಲಿದೆ. ಇಂಗ್ಲಿಷಿನ ಆ ಅರ್ಧ ಅಂಗುಲ ಆಕೆಯ ಕಿವಿಯಲ್ಲಿ 'ಹ್ಯಾಪಿ ಎಂಚಿಲಾಡಾ' ಆಗಿ ಕೂತಿತ್ತು. ನಲಿದಾಡುವ ಎಂಚಿಲಾಡಾ!

ಅಮೆರಿಕದ ಜಾನಪದ ಧಾಟಿಯ ಹಾಡುಗಾರ ಜಾನ್ ಪ್ರೈನ್ ಈ ಕಥೆ ಹೇಳುವಾಗ ಸಭೆ ಬಿದ್ದು ಬಿದ್ದು ನಗುತ್ತದೆ. 1988ರಲ್ಲಿ ಹೊರಬಂದ 'ಜಾನ್ ಪ್ರೈನ್ ಲೈವ್' ಆಲ್ಬಮ್ಮಿನಲ್ಲಿ ಆ ಹಾಡೂ ಇದೆ, ಕಥೆಯೂ ಇದೆ, ನಗುವೂ ಇದೆ. ತಪ್ಪು ಕೇಳಿಸಿಕೊಂಡವಳನ್ನು ಅವನು ಹಂಗಿಸುವುದಿಲ್ಲ. ಅವಳು ಕೊಟ್ಟ ಪದವನ್ನು ಉಡುಗೊರೆಯ ಹಾಗೆ ತೆಗೆದುಕೊಂಡು ಸಭೆಗೆ ಹಂಚುತ್ತಾನೆ. ಇಂದಿಗೂ ಅವನ ಅನೇಕ ಅಭಿಮಾನಿಗಳು ಆ ಹಾಡನ್ನು ಕರೆಯುವುದು ಎಂಚಿಲಾಡಾ ಹಾಡು ಎಂದೇ. ಕೇಳಿದವಳೊಬ್ಬಳ ಕಿವಿ ಹಾಡಿಗೆ ಹೊಸ ನಾಮಕರಣ ಮಾಡಿತು; ಕಟ್ಟಿದವನು ಅದನ್ನು ಒಪ್ಪಿಕೊಂಡ. ಜಾನಪದ ಎನ್ನುವುದು ಬೆಳೆಯುವುದೇ ಹೀಗಲ್ಲವೇ?

ಈ ಆಲ್ಬಮ್ಮನ್ನು ನಾನು ಅನೇಕ ವರ್ಷಗಳಿಂದ ಕೇಳುತ್ತಿದ್ದೇನೆ, ಇತರರಿಗೂ ಕೇಳಿಸುತ್ತಿದ್ದೇನೆ. ಕೇಳಿದವರ ಅಭಿಪ್ರಾಯಗಳನ್ನು ಮನಸ್ಸಿನಲ್ಲಿ ಕೂಡಿಡುವುದೂ ಒಂದು ಅಭ್ಯಾಸವಾಗಿದೆ. ಒಬ್ಬರು ಹೊಗಳಿದ್ದನ್ನೇ ಇನ್ನೊಬ್ಬರು ತೆಗಳುತ್ತಾರೆ. ಆ ಭಿನ್ನಾಭಿಪ್ರಾಯದ ನಡುವೆ ಹಾಡು ನನಗೆ ಇನ್ನಷ್ಟು ಬಿಚ್ಚಿಕೊಂಡಿದೆ.

ಮೊದಲು ಹಾಡುಗಾರನ ಪರಿಚಯ. ಪ್ರೈನ್ ಹುಟ್ಟಿದ್ದು 1946ರಲ್ಲಿ, ಶಿಕಾಗೋದ ಪಕ್ಕದ ಮೇವುಡ್‌ನಲ್ಲಿ. ತಂದೆತಾಯಿ ಕೆಂಟಕಿಯ ಕಲ್ಲಿದ್ದಲು ಸೀಮೆಯವರು. ಗಿಟಾರ್ ಕಲಿಸಿದವನು ಅಣ್ಣ. ಸೈನ್ಯಕ್ಕೆ ಸೇರಿ ಜರ್ಮನಿಯಲ್ಲಿ ಇದ್ದು ಬಂದ ಮೇಲೆ ಅಂಚೆ ಇಲಾಖೆಯಲ್ಲಿ ಕೆಲಸ, ಮನೆಮನೆಗೆ ಕಾಗದ ಹಂಚುವುದು. ಹೆಗಲಿಗೆ ಚೀಲ ಹಾಕಿಕೊಂಡು ದಿನಾ ಅದೇ ಬೀದಿಗಳಲ್ಲಿ ನಡೆಯುತ್ತ ತಲೆಯಲ್ಲೇ ಹಾಡು ಕಟ್ಟುತ್ತಿದ್ದ. 1970ರ ಅಕ್ಟೋಬರಿನಲ್ಲಿ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಶಿಕಾಗೋದ ಒಂದು ಸಣ್ಣ ಜಾಗದಲ್ಲಿ ಅಕಸ್ಮಾತ್ತಾಗಿ ಇವನ ಹಾಡು ಕೇಳಿ, ಸಿನಿಮಾ ಬಿಟ್ಟು ಈ ಹಾಡುವ ಅಂಚೆಯವನ ಬಗ್ಗೆಯೇ ಪತ್ರಿಕೆಯಲ್ಲಿ ಬರೆದ. 1971ರಲ್ಲಿ ಮೊದಲ ಆಲ್ಬಂ ಬಂತು. ಇಪ್ಪತ್ತೈದು ತುಂಬುವ ಮೊದಲೇ ಕಟ್ಟಿದ ಆ ಹಾಡುಗಳಲ್ಲಿ ಹಲವನ್ನು ಅವನು 2020ರ ಏಪ್ರಿಲ್‌ನಲ್ಲಿ ಕೋವಿಡ್‌ಗೆ ಬಲಿಯಾಗುವವರೆಗೆ, ಅರ್ಧ ಶತಮಾನ, ಹಾಡುತ್ತಲೇ ಇದ್ದ.

ಲೈವ್ ಆಲ್ಬಮ್ಮಿನಲ್ಲಿ ಬಹುಮಟ್ಟಿಗೆ ಒಬ್ಬ ಮನುಷ್ಯ, ಒಂದು ಗಿಟಾರ್, ಎದುರಿಗೆ ಕೂತ ಜನ. ಹೆಬ್ಬೆರಳು ಮಂದ್ರದ ತಂತಿಗಳ ಮೇಲೆ ಗಡಿಯಾರದ ಹಾಗೆ ಅತ್ತಿತ್ತ ನಡೆಯುತ್ತಿರುತ್ತದೆ, ಉಳಿದ ಬೆರಳುಗಳು ತಾರದ ತಂತಿಗಳಲ್ಲಿ ರಾಗದ ಎಳೆ ತೆಗೆಯುತ್ತವೆ. ಗಿಟಾರ್ ವಾದಕ ಮರ್ಲ್ ಟ್ರಾವಿಸ್‌ನ ಹೆಸರಿನಿಂದ ಖ್ಯಾತವಾದ ನುಡಿಸುವ ಬಗೆ ಇದು. ಆ ಟ್ರಾವಿಸ್ ಕೂಡ ಪ್ರೈನ್‌ನ ಹಿರಿಯರಿದ್ದ ಕೆಂಟಕಿಯ ಮ್ಯೂಲೆನ್‌ಬರ್ಗ್ ಸೀಮೆಯವನೇ. ಒಂದೇ ಗಿಟಾರಿನಲ್ಲಿ ನಡಿಗೆಯೂ ಮಾತೂ ಒಟ್ಟಿಗೆ ಸಾಗುವಂತೆ ಕೇಳುತ್ತದೆ. ಚೀಲ ಹೊತ್ತು ನಡೆದವನ ಹೆಜ್ಜೆ ಬೆರಳಿಗೆ ಇಳಿದಿದೆ ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಕಳೆದ ಮಳೆಗಾಲದ ಒಂದು ಭಾನುವಾರ ಮೈಸೂರಿನ ನಮ್ಮ ಮನೆಯಲ್ಲಿ ನಾಲ್ಕು ಜನ ಕೂತು ಇದನ್ನು ಮೊದಲಿಂದ ಕೊನೆಯವರೆಗೆ ಕೇಳಿದೆವು. ನನ್ನ ಭಾವ ಬಂದಿದ್ದರು. ಕಾಲೇಜಿಗೆ ಹೋಗುವ ಮಗಳಿದ್ದಳು. ಪಕ್ಕದ ಬೀದಿಯ ಅಂಚೆಯಣ್ಣ, ನಿವೃತ್ತರಾಗಿ ಹತ್ತು ವರ್ಷವಾದರೂ ನಮಗೆ ಅವರು ಅಂಚೆಯಣ್ಣನೇ, ಕಾಫಿಗೆಂದು ಬಂದವರು ಹಾಡುಗಾರನೂ ಅಂಚೆಯವನೆಂದು ತಿಳಿದು ಕೂತುಬಿಟ್ಟರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಪ್ರತಿ ಹಾಡಿನ ತಾತ್ಪರ್ಯವನ್ನು ನಾನೋ ಮಗಳೋ ಹೇಳಬೇಕಾಗಿತ್ತು.

ಭಾವನವರ ತಕರಾರು ಬೇಗ ಶುರುವಾಯಿತು. "ಹಾಡು ಚೆನ್ನಾಗಿದೆ ಕಣಯ್ಯಾ, ಆದ್ರೆ ಮಾತು ಜಾಸ್ತಿ ಆಯ್ತು. ಒಂದು ಸಲ ಕೇಳಿದ ನಗೆಮಾತು ಎರಡನೇ ಸಲ ನಗಿಸುತ್ತಾ?" ಅನೇಕ ಕೇಳುಗರು ಹೇಳುವ ಮಾತೇ ಇದು. ಸ್ಟುಡಿಯೊದಲ್ಲಿ ಮೆಂಫಿಸ್‌ನ ಪಳಗಿದ ವಾದ್ಯಗಾರರ ಜೊತೆ ಮಾಡಿದ ಮೊದಲ ಆಲ್ಬಂ ಇರುವಾಗ, ಮಾತು, ಚಪ್ಪಾಳೆ, ನಗು ತುಂಬಿದ ಇದೇಕೆ ಎನ್ನುವವರಿದ್ದಾರೆ. ಹಾಡು ಹಾಡಾಗಿ ಉಳಿಯಬೇಕು, ಹರಟೆ ಅಂದಂದಿಗೆ ಮುಗಿಯಬೇಕು ಎನ್ನುವುದು ಅವರ ವಾದ.

ನಾನು ಭಾವನವರಿಗೆ ಅವರದೇ ಪ್ರೀತಿಯ ಹರಿಕಥೆಯನ್ನು ನೆನಪಿಸಿದೆ. ಚಿಟಿಕೆ ಹಿಡಿದ ದಾಸರು ಸೀತಾ ಕಲ್ಯಾಣದ ನಡುವೆ ಒಂದು ಉಪಕಥೆ ಹೇಳುತ್ತಾರೆ. ಜಿಪುಣನದೋ ಪೆದ್ದ ಶಿಷ್ಯನದೋ. ಸಭೆಯಲ್ಲಿ ಮುಕ್ಕಾಲು ಪಾಲು ಜನಕ್ಕೆ ಆ ಕಥೆ ಗೊತ್ತು. ಆದರೂ ಮುಂದಿನ ಸಾಲಿನ ಅಜ್ಜಿಯರು ನಗುವುದಕ್ಕೆ ಮೊದಲೇ ಸೆರಗು ಬಾಯಿಗೆ ಹಿಡಿದು ಸಿದ್ಧರಾಗುತ್ತಾರೆ. ಗೊತ್ತಿರುವುದು ಬರಲಿ ಎಂದು ಕಾಯುವ ಆ ಸುಖ ಬೇರೆಯದೇ. ರಾಗದಲ್ಲಿ ಷಡ್ಜಕ್ಕೆ ಬಂದು ನಿಲ್ಲುವುದು ಎಲ್ಲರಿಗೂ ಗೊತ್ತಿದ್ದರೂ, ನಿಂತಾಗ ತಲೆದೂಗುವುದಿಲ್ಲವೇ? ಭಾವ ಒಪ್ಪಿದರೋ ಇಲ್ಲವೋ, ಮುಂದಿನ ಮಾತಿಗೆ ಕಿವಿಗೊಟ್ಟರು.

ಭರತನ ನಾಟ್ಯಶಾಸ್ತ್ರದಲ್ಲಿ ಹಾಸ್ಯರಸವನ್ನು ಹೇಳುವಾಗ ನಗೆಯನ್ನು ಆರು ಬಗೆ ಮಾಡಿದೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಹಲ್ಲು ಕಾಣದ ಮುಗುಳ್ನಗೆಯಿಂದ ಹಿಡಿದು ಪಕ್ಕೆ ಹಿಡಿದುಕೊಂಡು ಕಣ್ಣೀರು ಬರುವಂತೆ ನಗುವವರೆಗೆ. ಮೊದಲ ಎರಡು ಉತ್ತಮರದು, ನಡುವಿನವು ಮಧ್ಯಮರದು, ಕೊನೆಯವು ಅಧಮರದು ಎಂದು ಶಾಸ್ತ್ರ ಪಾಲು ಹಂಚುತ್ತದೆ. ಆ ಪಾಲನ್ನು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ಒಬ್ಬನೇ ಮನುಷ್ಯ ಒಂದೇ ಸಂಜೆಯಲ್ಲಿ ಆರೂ ನಗೆ ನಗಬಲ್ಲ. ಆದರೆ ವಿಂಗಡಣೆ ಮಾತ್ರ ಬಂಗಾರದಂಥದ್ದು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಆಲ್ಬಮ್ಮಿನ ಸಭೆಯನ್ನು ಕೇಳಿ. ಎಂಚಿಲಾಡಾ ಬಂದಾಗ ಅತಿಹಸಿತ. ಜಗತ್ತಿನ ಅತಿ ಮುದಿಯ ಮಗು ಎಂಬ ವಿಚಿತ್ರ ಕಲ್ಪನೆಯ ಹಾಡಿಗೆ ವಿಹಸಿತ. ಹಿಪ್ಪಿ ಕಾಲದಲ್ಲಿ ದಾರಿ ತಪ್ಪಿ ಅಲೆಯುವ ಹುಡುಗಿಯೊಬ್ಬಳಿಗೆ ಮನೆಗೆ ಬಾ ಎನ್ನುವ ಹಾಡಿಗೆ (ಅವಳ ಉದ್ದುದ್ದ ಹೆಸರಿನಲ್ಲಿ ಹರೇ ಕೃಷ್ಣವೂ ಸೇರಿಕೊಂಡಿದೆ) ಹಸಿತ. ಇವೆಲ್ಲ ಕಿವಿಗೆ ಸಿಗುತ್ತವೆ.

ಸ್ಮಿತ? ಅದಕ್ಕೆ ಸದ್ದಿಲ್ಲ. ಯಾವ ಮೈಕೂ ಅದನ್ನು ಹಿಡಿಯಲಾರದು. ಈ ಆಲ್ಬಮ್ಮಿನಲ್ಲಿ ನಾನು ಹುಡುಕುವುದು ಅದನ್ನೇ. ಕೇಳುಗರು ನಗುವುದನ್ನು ನಿಲ್ಲಿಸಿ, ಮುಖದ ಮೇಲಿನ ನಗೆಯನ್ನು ಇನ್ನೂ ಒರೆಸಿಕೊಳ್ಳದೆ, ಏನೋ ಬರುತ್ತಿದೆ ಎಂದು ಗೊತ್ತಾಗಿ ಸುಮ್ಮನಾಗುವ ಕ್ಷಣಗಳಿವೆಯಲ್ಲ, ಅಲ್ಲಿ.

ಆ ಕ್ಷಣ ಒದಗಿ ಬರಲು ಹಾಡುಗಳ ಸಾಲನ್ನು ಜೋಡಿಸಿದ ರೀತಿ ನೋಡಬೇಕು. ಹತ್ತೊಂಬತ್ತು ಹಾಡುಗಳಲ್ಲಿ ಹದಿಮೂರನೆಯದು ನಾಲ್ಕು ರಸ್ತೆ ಕೂಡುವಲ್ಲಿ ವಾಹನಗಳು ಡಿಕ್ಕಿ ಹೊಡೆದ ಪ್ರಸಂಗ. ಇದಕ್ಕಿಂತ ಕೆಟ್ಟದ್ದಾಗಬಹುದಿತ್ತು ಎಂದು ಸಮಾಧಾನ ಮಾಡಿಕೊಳ್ಳುವ ಲಘು ಹಾಡು. ಕೇಳುತ್ತ ಮಗಳು ಕಾಲು ಕುಣಿಸುತ್ತಿದ್ದಳು. ಅದು ಮುಗಿದು ಬರುವ ಹದಿನಾಲ್ಕನೆಯದು 'ಸ್ಯಾಮ್ ಸ್ಟೋನ್'. ಯುದ್ಧದಿಂದ ಪದಕ ಹೊತ್ತು, ಗಾಯದ ನೋವಿಗೆಂದು ಅಂಟಿದ ಮಾರ್ಫಿನ್ ಚಟವನ್ನೂ ಹೊತ್ತು ಮನೆಗೆ ಬಂದ ಸೈನಿಕನ ಕಥೆ. ಹೆಂಡತಿ ಮಕ್ಕಳ ಕಣ್ಣೆದುರೇ ಅವನು ಕರಗಿ ಹೋಗುತ್ತಾನೆ. ಪಲ್ಲವಿಯಲ್ಲಿ ಮಾತಾಡುವುದು ಮಗುವಿನ ದನಿ. ಅಪ್ಪನ ತೋಳಿನಲ್ಲಿ ಮನೆಯ ದುಡ್ಡೆಲ್ಲ ಸೋರಿಹೋಗುವ ತೂತೊಂದು ಆ ಮಗುವಿಗೆ ಕಾಣುತ್ತದೆ. ವಿಯೆಟ್ನಾಂ ಯುದ್ಧ ಇನ್ನೂ ನಡೆಯುತ್ತಿದ್ದಾಗ ಕಟ್ಟಿದ ಹಾಡಿದು. ಇದರಲ್ಲಿ ಸರ್ಕಾರಕ್ಕೆ ಬೈಗುಳವಿಲ್ಲ, ಘೋಷಣೆಯಿಲ್ಲ. ಒಂದು ಮನೆಯ ಒಳಗೆ ಮಗು ಕಂಡದ್ದಷ್ಟೇ ಇದೆ.

ಡಿಕ್ಕಿಯ ಹಾಡನ್ನು ಕೇಳಿ ಹಗುರಾದ ಮನಸ್ಸಿಗೆ ಇದು ಬಂದು ಬೀಳುವ ಭಾರವೇ ಬೇರೆ. ಮೊದಲ ಆಲ್ಬಮ್ಮಿನಲ್ಲಿ ಇದನ್ನು ನಾನು ಮರುಕದಿಂದ ಕೇಳುತ್ತಿದ್ದೆ. ಇಲ್ಲಿ ಮರುಕಕ್ಕೆ ಸಿದ್ಧನಾಗಲು ಸಮಯ ಕೊಡುವುದಿಲ್ಲ. ನಗುತ್ತಿದ್ದವನು ತನ್ನ ಎದೆಯ ಗುಂಡಿಗಳನ್ನೆಲ್ಲ ಬಿಚ್ಚಿ ಕೂತಿರುತ್ತಾನೆ. ಭಾವ ಏನೂ ಹೇಳಲಿಲ್ಲ. ಕಾಫಿ ಲೋಟ ಕೈಯಲ್ಲೇ ತಣ್ಣಗಾಯಿತು.

ಆಮೇಲೆ ಅವರೇ ಬೇರೆ ಮಾತೆತ್ತಿದರು: "ಇವನ ದನಿ ಏನು ಅಂಥಾ ಇಂಪಲ್ಲ ನೋಡು." ನಿಜ. ಮೂಗಿನಿಂದ ಬರುವ ಒಣ ದನಿ. ಆದರೆ ಈ ದನಿಯ ಬೆಲೆ ಗೊತ್ತಾಗಲು ಮುಂದಿನದು ತಿಳಿದಿರಬೇಕು. 1998ರಲ್ಲಿ ಕುತ್ತಿಗೆಯ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ ಅವನ ಕಂಠ ತಗ್ಗಿತು, ಗೊಗ್ಗರವಾಯಿತು. 2010ರ ಇನ್ನೊಂದು ಲೈವ್ ಆಲ್ಬಮ್ಮಿನಲ್ಲಿ ಆ ದನಿ ಕೇಳಬಹುದು. ಮುದುಕರ ಹಾಡುಗಳಿಗೆ ಮುದಿ ದನಿಯೇ ಸರಿ, ಈಗಲೇ ಹಾಡು ಪೂರ್ಣವಾಯಿತು ಎನ್ನುವ ಕೇಳುಗರು ಹಲವರು. ನನಗೂ ಆ ದನಿ ಇಷ್ಟ. ಆದರೆ ಹಾಸ್ಯಕ್ಕೆ 1988ರ ಈ ದನಿಯೇ ಹೊಂದುತ್ತದೆ. ಏನೂ ಅರಿಯದ ಹುಡುಗನ ಹಾಗೆ ಮಾತು ಶುರುಮಾಡಿ, ಪದ ಹುಡುಕುವವನ ಹಾಗೆ ನಿಂತು, ನಗೆಯನ್ನು ಕೊನೆಯ ಗಳಿಗೆಯವರೆಗೆ ಬಚ್ಚಿಡುವ ಆಟಕ್ಕೆ ಆ ಒಣ ಕಂಠವೇ ಬೇಕು.

ಆ ಸಂಜೆ ನಮ್ಮನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಎಂಟನೆಯ ಹಾಡು. ಅದರಲ್ಲಿ ನಮ್ಮ ಊರಿನವನಿದ್ದಾನೆ. ಸಾಬು. ಕಬಿನಿಯ ಕಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. ತಂದೆ ತೀರಿಕೊಂಡ ಮೇಲೆ ಮಹಾರಾಜರ ಆನೆ ಲಾಯದಲ್ಲಿ ಬೆಳೆಯುತ್ತಿದ್ದ ಹುಡುಗ ರಾಬರ್ಟ್ ಫ್ಲಾಹರ್ಟಿಯ ಸಿನಿಮಾ ತಂಡದ ಕಣ್ಣಿಗೆ ಬಿದ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಕಂಡಿತು. ಹುಡುಗ ಇಂಗ್ಲೆಂಡಿಗೆ ಹೋದ, ಅಲ್ಲಿಂದ ಹಾಲಿವುಡ್‌ಗೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳಲ್ಲಿ ಗನ್ನರ್ ಆಗಿದ್ದು ಪದಕ ಪಡೆದ. 1963ರಲ್ಲಿ, ಇನ್ನೂ ಮೂವತ್ತೊಂಬತ್ತು ವಯಸ್ಸು, ಹೃದಯಾಘಾತದಿಂದ ಕ್ಯಾಲಿಫೋರ್ನಿಯಾದಲ್ಲೇ ಹೋದ.

ಪ್ರೈನ್ 1978ರ ತನ್ನ ಆಲ್ಬಮ್ಮಿಗೆ ಕಟ್ಟಿದ ಹಾಡಿನಲ್ಲಿ ಈ ಸಾಬು ಸಿನಿಮಾ ಪ್ರಚಾರಕ್ಕೆಂದು ಅಮೆರಿಕದ ಉತ್ತರದ ಅವಳಿ ನಗರಗಳಾದ ಮಿನಿಯಾಪೊಲಿಸ್, ಸೇಂಟ್ ಪಾಲ್‌ಗೆ ಚಳಿಗಾಲದಲ್ಲಿ ಒಬ್ಬನೇ ಹೋಗುತ್ತಾನೆ. ಮೂಳೆ ಕೊರೆಯುವ ಗಾಳಿ. ನೋಡಿದವರೆಲ್ಲ ಆನೆ ಹುಡುಗ ಬಂದ ಎಂದು ಬೆರಳು ತೋರಿಸುತ್ತಾರೆ. ಅಷ್ಟೇ ಕಥೆ. ಧಾಟಿ ಕುಣಿಯುವಂಥದ್ದು, ಪ್ರಸಂಗ ವಿಚಿತ್ರ, ನಗು ಸಹಜ.

ಮಗಳಿಗೆ ಇದು ಹಿಡಿಸಲಿಲ್ಲ. "ನಮ್ಮವನನ್ನ ಇಟ್ಕೊಂಡು ತಮಾಷೆ ಮಾಡ್ತಿದಾನಲ್ಲಪ್ಪಾ" ಎಂದಳು. ಅವಳ ಮಾತನ್ನು ನಾನು ತಳ್ಳಿಹಾಕಲಾರೆ. ದೂರದ ದೇಶದವನನ್ನು ನೋಡಿ ನಗುವ ನಗೆಯಲ್ಲಿ ಮುಳ್ಳಿರಬಹುದು. ಆದರೆ ಹಾಡನ್ನು ಇನ್ನೊಮ್ಮೆ ಹಾಕಿ, ನಗು ಎಲ್ಲಿ ನಿಂತಿದೆ ನೋಡು ಎಂದೆ. ಬೆರಳು ತೋರಿಸುವ ಜನರ ನಡುವೆ ಹಾಡುಗಾರ ನಿಂತಿಲ್ಲ. ಅವನು ಸಾಬುವಿನ ಪಕ್ಕದಲ್ಲಿ ನಡುಗುತ್ತಿದ್ದಾನೆ. ಊರೂರು ತಿರುಗಿ, ತಿಳಿಯದ ಹೋಟೆಲು ಕೋಣೆಗಳಲ್ಲಿ ರಾತ್ರಿ ಕಳೆಯುವ ಕಲಾವಿದನ ಒಂಟಿತನ ಅವನಿಗೆ ಚೆನ್ನಾಗಿ ಗೊತ್ತು. ಕಾಕನಕೋಟೆಯ ಬಿದಿರ ಮೆಳೆ, ಆನೆಯ ಬೆಚ್ಚಗಿನ ಬೆನ್ನು ಬಿಟ್ಟು ಬಂದ ಹುಡುಗನ ಒಂಟಿತನ ಎಷ್ಟಿದ್ದೀತು ಎಂದು ಅದರಿಂದಲೇ ಊಹಿಸಿದ್ದಾನೆ. ನಮ್ಮ ಊರಿನವನಿಗಾಗಿ ಮರುಗಿದ ಹಾಡೊಂದು ಮಿಸಿಸಿಪ್ಪಿಯ ದಡದ ಊರುಗಳ ಹೆಸರಿನಲ್ಲಿ ಹುಟ್ಟಿದೆ ಎನ್ನುವುದು ಮೈಸೂರಿನಲ್ಲಿ ಎಷ್ಟು ಜನಕ್ಕೆ ಗೊತ್ತು? ಮಗಳು ಎರಡನೇ ಸಲ ಕೇಳಿ, "ಪಾಪ, ಒಂದು ಕಂಬಳಿನಾದ್ರೂ ಕೊಡಬಾರದಿತ್ತಾ" ಎಂದಳು. ಹಾಡು ಅವಳನ್ನು ಮುಟ್ಟಿತ್ತು.

ಇನ್ನು ಎರಡು ಹಾಡುಗಳಲ್ಲಿ ಜೊತೆಗಾರರಿದ್ದಾರೆ. ನಡುವಯಸ್ಸಿನ ಗೃಹಿಣಿಯೊಬ್ಬಳ ದಣಿದ ಮನಸ್ಸನ್ನು ಅವಳದೇ ಮಾತಿನಲ್ಲಿ ಹೇಳುವ 'ಏಂಜಲ್ ಫ್ರಮ್ ಮಾಂಟ್‌ಗೊಮರಿ'ಗೆ ಗಾಯಕಿ ಬಾನಿ ರೇಟ್ ದನಿಗೂಡಿಸುತ್ತಾಳೆ. ಇಪ್ಪತ್ತರ ಹರೆಯದ ಗಂಡಸು ಕಟ್ಟಿದ ಹೆಣ್ಣಿನ ಹಾಡಿಗೆ ಕೊನೆಗೂ ಹೆಣ್ಣಿನ ದನಿ ಬಂದು ಸೇರಿದಾಗ ಅದು ತವರಿಗೆ ಬಂದ ಹಾಗೆ. ಇನ್ನೊಂದು 'ಸೂವನಿಯರ್ಸ್'. ಅದರಲ್ಲಿ ಜೊತೆಗಿರುವವನು ಜೀವದ ಗೆಳೆಯ ಸ್ಟೀವ್ ಗುಡ್‌ಮನ್. ರಕ್ತದ ಕ್ಯಾನ್ಸರ್ ಜೊತೆ ಹದಿನೈದು ವರ್ಷ ಸೆಣಸುತ್ತಲೇ ಜನರನ್ನು ನಗಿಸಿದ ಈ ಹಾಡುಗಾರ 1984ರಲ್ಲಿ ತೀರಿಕೊಂಡ. ಆಲ್ಬಂ ಬಂದಾಗ ಅವನಿರಲಿಲ್ಲ. ಕಳೆದುಹೋದ ದಿನಗಳ ನೆನಪಿನ ಹಾಡಿನಲ್ಲಿ ಇಲ್ಲವಾದ ಗೆಳೆಯನ ಗಿಟಾರ್ ಇನ್ನೂ ನುಡಿಯುತ್ತಿದೆ. ಲೈವ್ ಎಂಬ ಪದ ಅಲ್ಲಿ ಬೇರೆಯೇ ಅರ್ಥ ಪಡೆಯುತ್ತದೆ.

ಕೊನೆಗೆ ಎಂಚಿಲಾಡಾ ಬಂತು. ಕಥೆ ಕೇಳಿ ಭಾವ ಜೋರಾಗಿ ನಕ್ಕರು. ಅಂಚೆಯಣ್ಣನಿಗೆ ಮೆಕ್ಸಿಕೊದ ತಿಂಡಿಯನ್ನು ವಿವರಿಸಿ ಹೇಳುವ ಹೊತ್ತಿಗೆ ಹಾಡು ಅರ್ಧ ಆಗಿತ್ತು. ಆದರೆ ಅರ್ಥವಾದ ಕೂಡಲೇ ಅವರು ನಕ್ಕ ನಗು ಎಲ್ಲರಿಗಿಂತ ದೊಡ್ಡದು. ತಪ್ಪು ವಿಳಾಸದ ಕಾಗದವೊಂದು ಸರಿಯಾದ ಮನೆಗೇ ಹೋಗಿ ಸೇರಿದ ಕಥೆಯಂತಿದೆ ಇದು ಎಂದರು. ಎಷ್ಟು ಸೊಗಸಾದ ವಿಮರ್ಶೆ!

ಆ ನಗುವಿನ ಬೆನ್ನಿಗೇ ಆಲ್ಬಮ್ಮಿನ ಕೊನೆಯ ಹಾಡು, 'ಹಲೋ ಇನ್ ದೇರ್'. ಒಬ್ಬ ಮುದುಕ ಮಾತಾಡುತ್ತಾನೆ. ಮಕ್ಕಳು ದೊಡ್ಡವರಾಗಿ ಬೇರೆ ಬೇರೆ ಊರು ಸೇರಿದ್ದಾರೆ, ಒಬ್ಬನನ್ನು ಕೊರಿಯಾ ಯುದ್ಧ ನುಂಗಿದೆ. ಗಂಡ ಹೆಂಡಿರ ನಡುವೆ ಈಗ ಹೆಚ್ಚು ಮಾತಿಲ್ಲ. ಮರಕ್ಕೆ ವಯಸ್ಸಾದರೆ ಬಲಿಯುತ್ತದೆ, ಮನುಷ್ಯನಿಗೆ ವಯಸ್ಸಾದರೆ ಒಂಟಿಯಾಗುತ್ತಾನೆ ಎನ್ನುವ ಅರ್ಥದ ಮಾತು ಬರುತ್ತದೆ. ದಾರಿಯಲ್ಲಿ ಅಂಥವರು ಕಂಡರೆ ನೋಡಿಯೂ ನೋಡದವರಂತೆ ಹೋಗಬೇಡಿ, ಮಾತಾಡಿಸಿ ಎಂಬಲ್ಲಿಗೆ ಹಾಡು ಮುಗಿಯುತ್ತದೆ. ಹುಡುಗನಾಗಿದ್ದಾಗ ಪ್ರೈನ್ ವೃದ್ಧಾಶ್ರಮವೊಂದಕ್ಕೆ ಪತ್ರಿಕೆ ಹಂಚಲು ಹೋಗುತ್ತಿದ್ದ. ಅಲ್ಲಿ ಕಂಡ ಮುಖಗಳು ಈ ಹಾಡಿನ ಹಿಂದಿವೆ.

ಈ ಹಾಡಿನಲ್ಲಿ ಯಾರೂ ನಗುವುದಿಲ್ಲ. ಐದು ನಿಮಿಷದ ಹಿಂದೆ ಪಕ್ಕೆ ಹಿಡಿದುಕೊಂಡು ನಕ್ಕ ಅದೇ ಸಭೆ. ನಗೆಯ ಸದ್ದಡಗಿದ ಆ ಜಾಗದಲ್ಲಿ ನನಗೆ ಸ್ಮಿತ ಕೇಳಿಸುತ್ತದೆ. ಅಷ್ಟು ಜೋರಾಗಿ ನಕ್ಕವರ ಮೌನವಾದ್ದರಿಂದಲೇ ಅದು ಇಷ್ಟು ತುಂಬಿದೆ. ಇದೇ ಹಾಡು ಸ್ಟುಡಿಯೊ ಆಲ್ಬಮ್ಮಿನಲ್ಲಿಯೂ ಇದೆ, ಸುಂದರವಾಗಿಯೇ ಇದೆ. ಅಲ್ಲಿ ಮೌನವೆಂದರೆ ಸದ್ದಿಲ್ಲದ ಕೋಣೆ. ಇಲ್ಲಿ ಅದು ಒಂದು ಸಭೆಯ ಜನ ಒಟ್ಟಾಗಿ ಹಿಡಿದ ಉಸಿರು.

ಅಂಚೆಯಣ್ಣನಿಗೆ ನಾನು ತಾತ್ಪರ್ಯ ಹೇಳಿ ಮುಗಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಿಧಾನವಾಗಿ ಹೇಳಿದರು: "ಪಿಂಚಣಿ ಮನಿಯಾರ್ಡರ್ ಕೊಡಕ್ಕೆ ಹೋಗ್ತಿದ್ದೆ ಸ್ವಾಮಿ. ಒಬ್ರು ಅಜ್ಜಿ, ದುಡ್ಡು ಎಣಿಸ್ತಾನೇ ಇರ್ಲಿಲ್ಲ. ಕೂತ್ಕೋ ಮಗಾ, ಮಜ್ಜಿಗೆ ಕುಡಿ, ಅನ್ನೋರು. ತಿಂಗಳಿಗೆ ಒಂದು ದಿನ ಅವರ ಮನೆ ಬಾಗಿಲು ತಟ್ತಿದ್ದವನು ನಾನೊಬ್ಬನೇ. ಬೇರೆ ಮನೆ ಕಾಗದ ಇದೆ ಅಂತ ಎಷ್ಟೋ ಸಲ ನಿಂತೇ ಬಂದ್ಬಿಟ್ಟಿದೀನಿ."

ಹೊರಗೆ ಮಳೆ ನಿಂತಿತ್ತು. ಎದ್ದು ಹೊರಟವರು ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿ, ಮತ್ತೆ ಬಿಟ್ಟು, ಒಳಗೆ ಬಂದು ಕೂತರು.

"ಆ ತಿಂಡಿ ಹಾಡು ಇನ್ನೊಂದ್ಸಲ ಹಾಕಿ. ಆಮೇಲೆ ಇದು. ನಡುವೆ ನಿಲ್ಲಿಸಬೇಡಿ, ಎರಡೂ ಒಟ್ಟಿಗೇ ಬರಬೇಕು."

ಹಾಕಿದೆ.